ಮನೆಗೆ ವಿಮೆ: ಕಟ್ಟಬೇಕಾದದ್ದೆಷ್ಟು, ಉಳಿಸಬಹುದಾದದ್ದೆಷ್ಟು?

ಮನೆ ಸಾಲ ಮಂಜೂರಾಗಿದೆ. ಸಹಿ ಹಾಕಲು ಬ್ಯಾಂಕಿಗೆ ಹೋದರೆ ಕಾಗದಗಳ ಕಟ್ಟಿನಲ್ಲಿ ‘ಇನ್ಶೂರೆನ್ಸ್’ ಎಂಬ ಹೆಸರಿನಡಿ ದೊಡ್ಡ ಮೊತ್ತವೊಂದು ಕಾಣುತ್ತದೆ. ಏನಿದು ಎಂದು ಕೇಳಿದರೆ, ‘ಎಲ್ಲರೂ ಮಾಡಿಸ್ತಾರೆ ಸರ್, ಸಾಲದ ಜೊತೆಗೇ ಸೇರಿಸಿಬಿಡ್ತೀವಿ’ ಎಂಬ ಉತ್ತರ ಸಿಗುತ್ತದೆ. ಮನೆ ಸಿಗುವ ಸಂತೋಷದಲ್ಲಿ ಹೆಚ್ಚಿನವರು ಮತ್ತೆ ಕೇಳುವುದಿಲ್ಲ. ಇನ್ನೊಂದು ಕಡೆ, ಸಾಲ ತೀರಿದ ಅಥವಾ ಸಾಲವೇ ಇಲ್ಲದ ಮನೆಯವರು ವಿಮೆಯ ಗೋಜಿಗೇ ಹೋಗಿರುವುದಿಲ್ಲ. ಸ್ಕೂಟರಿಗೆ ವರ್ಷವರ್ಷವೂ ತಪ್ಪದೆ ವಿಮೆ ಕಟ್ಟುವ ಕುಟುಂಬ, ಜೀವಮಾನದ ಗಳಿಕೆ ಸುರಿದು ಕಟ್ಟಿದ ಮನೆಯನ್ನು ಹಾಗೇ ಬಿಟ್ಟಿರುತ್ತದೆ. ‘ತುಂಬಾ ದುಬಾರಿ ಇರಬೇಕು’ ಎಂಬ ಊಹೆ ಇದಕ್ಕೆ ಮುಖ್ಯ ಕಾರಣ.

ಆ ಊಹೆ ತಪ್ಪು. ಸಾಧಾರಣ ಪಕ್ಕಾ ಮನೆಯೊಂದರ ವಿಮೆಗೆ ವರ್ಷಕ್ಕೆ ಬೇಕಾಗುವುದು ಕೆಲವು ಸಾವಿರ ರೂಪಾಯಿ ಮಾತ್ರ. ದುಬಾರಿಯಾಗುವುದು ಲೆಕ್ಕ ತಪ್ಪಿದಾಗ. ಸೈಟಿನ ಬೆಲೆಗೂ ವಿಮೆ ಕಟ್ಟುವುದು, ಒಂದೇ ಕಟ್ಟಡಕ್ಕೆ ಎರಡು ಪಾಲಿಸಿ ಕೊಳ್ಳುವುದು, ಜೀವವಿಮೆಯನ್ನೇ ಮನೆ ವಿಮೆ ಎಂದು ನಂಬುವುದು ಇಂಥ ತಪ್ಪುಗಳು. ಇವನ್ನು ತಿದ್ದಿಕೊಂಡರೆ ರಕ್ಷಣೆ ಒಂದಿಷ್ಟೂ ಕಡಿಮೆಯಾಗದೆ ಖರ್ಚು ಇಳಿಯುತ್ತದೆ.

ಮನೆ ವಿಮೆ ಏಕೆ ಬೇಕು?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಸೀಮೆಯ ಊರುಗಳಿಗೆ ನುಗ್ಗಿದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿರಿವಂತ ಬಡಾವಣೆಗಳ ನೆಲಮಹಡಿಗಳಲ್ಲೂ ನೀರು ನಿಂತಿತು. ಇಂಥ ವಿಕೋಪಗಳಲ್ಲಿ ಪೂರ್ತಿ ಹಾಳಾದ ಮನೆಗೆ ಕೇಂದ್ರದ ವಿಕೋಪ ಪರಿಹಾರ ನಿಯಮದಂತೆ (2022–26ರ ಅವಧಿ) ಸಿಗುವುದು ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನ ಪಾಲು ಸೇರಿಸಿ ಹೆಚ್ಚು ಕೊಟ್ಟದ್ದುಂಟು. ಆದರೆ ಅದು ಆಯಾ ಸಂದರ್ಭದ ತೀರ್ಮಾನ. ಮನೆಯನ್ನು ಮತ್ತೆ ಕಟ್ಟಲು ಬೇಕಾದಷ್ಟು ಹಣ ಆ ದಾರಿಯಿಂದ ಬಂದೇ ಬರುತ್ತದೆ ಎಂದು ನಂಬುವಂತಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ ವಿಮೆ ಮಾರುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು. ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ದರ ಮಾತ್ರ ಬೇರೆ ಬೇರೆ. ಸರಕು ಒಂದೇ ಆದ್ದರಿಂದ ಬೆಲೆ ಹೋಲಿಸುವುದು ಸುಲಭ. ಗ್ರಾಹಕರಿಗೆ ಇದೇ ದೊಡ್ಡ ಅನುಕೂಲ.

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಚಂಡಮಾರುತ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ಮರ ಬೀಳುವುದು, ವಾಹನ ಬಂದು ಗುದ್ದುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಇವೆಲ್ಲವೂ ಈ ಪಾಲಿಸಿಯ ರಕ್ಷಣೆಯಲ್ಲಿವೆ. ಮನೆ ವಾಸಕ್ಕೆ ಬಾರದಂತಾದರೆ ಬದಲಿ ಮನೆಯ ಬಾಡಿಗೆ, ಅವಶೇಷ ತೆರವಿನ ಖರ್ಚು (ಕ್ಲೇಮ್ ಮೊತ್ತದ ಶೇ 2ರವರೆಗೆ), ಎಂಜಿನಿಯರ್ ಮತ್ತು ಆರ್ಕಿಟೆಕ್ಟ್ ಶುಲ್ಕ (ಶೇ 5ರವರೆಗೆ) ಸಹ ಇದರಲ್ಲೇ ಸೇರಿವೆ.

ಪ್ರೀಮಿಯಂ ಲೆಕ್ಕ ಹೀಗಿದೆ

ಲೆಕ್ಕಕ್ಕೆ ಬೇಕಾದವು ಎರಡೇ: ವಿಮಾ ಮೊತ್ತ ಮತ್ತು ದರ. ದರವನ್ನು ‘ಸಾವಿರ ರೂಪಾಯಿಗೆ ಇಷ್ಟು’ ಎಂದು ಹೇಳುತ್ತಾರೆ. ಪಕ್ಕಾ ಮನೆಗಳಿಗೆ ಅದು ಸಾಮಾನ್ಯವಾಗಿ ಪೈಸೆಗಳಲ್ಲಿರುತ್ತದೆ. ಮನೆಯ ರಚನೆ, ಊರು, ಭೂಕಂಪ ವಲಯ ಮತ್ತು ನೆರೆಯ ಅಪಾಯ ನೋಡಿ ದರ ಹೆಚ್ಚುಕಡಿಮೆ ಆಗುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಭೂಕಂಪ ವಲಯ ನಕ್ಷೆಯ ಪ್ರಕಾರ ಬೆಂಗಳೂರು, ಮೈಸೂರು ಕಡಿಮೆ ಅಪಾಯದ 2ನೇ ವಲಯದಲ್ಲಿವೆ. ಮಂಗಳೂರು, ಕಾರವಾರ 3ನೇ ವಲಯದಲ್ಲಿವೆ. ಹುಲ್ಲು, ಗರಿ, ಬಿದಿರಿನ ಕಚ್ಚಾ ಮನೆಗೆ ದರ ಹೆಚ್ಚು.

ವಿಮಾ ಮೊತ್ತ ಎಂದರೆ ಮನೆ ಪೂರ್ತಿ ನೆಲಸಮವಾದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಲು ತಗಲುವ ಖರ್ಚು. ಮಾರುಕಟ್ಟೆ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಸೈಟಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಭಾರತ್ ಗೃಹ ರಕ್ಷಾದಲ್ಲಿ ಇದರ ಸೂತ್ರ ಸರಳ: ಚದರ ಮೀಟರ್‌ನಲ್ಲಿ ಕಾರ್ಪೆಟ್ ಏರಿಯಾವನ್ನು ಪಾಲಿಸಿ ಶುರುವಾಗುವ ದಿನದ ನಿರ್ಮಾಣ ದರದಿಂದ ಗುಣಿಸಬೇಕು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಮೈಸೂರಿನಲ್ಲಿ 30×40 ಸೈಟಿನ ಮೇಲೆ 1,200 ಚದರ ಅಡಿಯ ಕಟ್ಟಡವಿದೆ, ಸೈಟೂ ಸೇರಿ ಅದರ ಮಾರುಕಟ್ಟೆ ಬೆಲೆ 1.20 ಕೋಟಿ ಎಂದಿಟ್ಟುಕೊಳ್ಳಿ. ಚದರ ಅಡಿಗೆ 2,500 ರೂಪಾಯಿಯಂತೆ ಮತ್ತೆ ಕಟ್ಟಲು 30 ಲಕ್ಷ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೇಸ್ತ್ರಿ ಹೇಳುವ ದರ ಗೋಡೆಯೂ ಸೇರಿದ ಬಿಲ್ಟಪ್ ಅಳತೆಗೆ. ಪಾಲಿಸಿ ಕೇಳುವುದು ಗೋಡೆಯೊಳಗಿನ ಕಾರ್ಪೆಟ್ ಅಳತೆ. ಅದು 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್ ಇದ್ದರೆ, ಚದರ ಮೀಟರಿಗೆ ಸುಮಾರು 32,260 ರೂಪಾಯಿ ದರ ಬರೆಸಬೇಕು. ಆಗಲೇ ಒಟ್ಟು 30 ಲಕ್ಷ ಆಗುತ್ತದೆ.

ಕಟ್ಟಡಕ್ಕೂ ಸಾಮಾನಿಗೂ ಸೇರಿಸಿ ಪಾಲಿಸಿ ಕೊಂಡರೆ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಸಾಮಾನಿಗೆ ತಾನಾಗಿ ರಕ್ಷಣೆ ಸಿಗುತ್ತದೆ. ಅದಕ್ಕೆ ಪಟ್ಟಿ ಕೊಡಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 6 ಲಕ್ಷ. ಲೆಕ್ಕದ ಅನುಕೂಲಕ್ಕೆ ಸಾವಿರಕ್ಕೆ 50 ಪೈಸೆ ದರ ಹಿಡಿಯೋಣ. ಒಟ್ಟು 36 ಲಕ್ಷಕ್ಕೆ 1,800 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 324 ರೂಪಾಯಿ, ಒಟ್ಟು 2,124 ರೂಪಾಯಿ. ತಿಂಗಳಿಗೆ 177 ರೂಪಾಯಿ ಬಿದ್ದಂತಾಯಿತು.

ಇದೇ ಮನೆಗೆ ಮಾರುಕಟ್ಟೆ ಬೆಲೆಯಾದ 1.20 ಕೋಟಿಗೇ ವಿಮೆ ಮಾಡಿಸಿದರೆ? ಕಟ್ಟಡಕ್ಕೆ 6,000, ಸಾಮಾನಿನ 10 ಲಕ್ಷಕ್ಕೆ 500, ಜಿಎಸ್‌ಟಿ 1,170, ಒಟ್ಟು 7,670 ರೂಪಾಯಿ. ವರ್ಷಕ್ಕೆ 5,500 ರೂಪಾಯಿಗೂ ಮೀರಿ ಹೆಚ್ಚು ಕಟ್ಟಿದರೂ ಮನೆ ಬಿದ್ದಾಗ ಕಟ್ಟಡಕ್ಕೆ ಸಿಗುವುದು ಮತ್ತೆ ಕಟ್ಟುವ ಖರ್ಚಷ್ಟೇ. ವಿಮೆ ಇರುವುದು ನಷ್ಟ ತುಂಬಿಕೊಡಲು. ನಷ್ಟಕ್ಕಿಂತ ಹೆಚ್ಚು ಅದು ಕೊಡುವುದಿಲ್ಲ.

ಖರ್ಚು ಇಳಿಸುವ ಎಂಟು ದಾರಿಗಳು

1. ಜೀವವಿಮೆ ಯಾವುದು, ಮನೆ ವಿಮೆ ಯಾವುದು ಎಂದು ಬೇರ್ಪಡಿಸಿ. ಬ್ಯಾಂಕಿನ ಕಾಗದದಲ್ಲಿರುವ ದೊಡ್ಡ ಮೊತ್ತ ಹೆಚ್ಚಾಗಿ ‘ಸಾಲ ರಕ್ಷಣೆ’ ಪಾಲಿಸಿಯದು. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ ಅದು. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಸಿಗದು. ಒಂದೇ ಕಂತಿನ ಆ ಪ್ರೀಮಿಯಂ ಅನ್ನು ಸಾಲಕ್ಕೆ ಸೇರಿಸಿದರೆ ಅದಕ್ಕೂ ವರ್ಷಗಟ್ಟಲೆ ಬಡ್ಡಿ ಕಟ್ಟಬೇಕಾಗುತ್ತದೆ. ಕುಟುಂಬಕ್ಕೆ ಆ ರಕ್ಷಣೆ ಬೇಕೆನಿಸಿದರೆ ಪ್ರತ್ಯೇಕ ಟರ್ಮ್ ಪಾಲಿಸಿಯ ದರದ ಜೊತೆ ಹೋಲಿಸಿ ನೋಡಿ ನಿರ್ಧರಿಸಿ.

2. ಕಂಪನಿಯ ಆಯ್ಕೆ ನಿಮ್ಮದು. ಅಡವಿಟ್ಟ ಮನೆಗೆ ವಿಮೆ ಇರಲಿ ಎಂದು ಬ್ಯಾಂಕ್ ಕೇಳುವುದು ಸರಿಯೇ. ಆದರೆ ತನ್ನ ಪಾಲುದಾರ ಕಂಪನಿಯಲ್ಲೇ ಕೊಳ್ಳಬೇಕೆಂದು ಕಡ್ಡಾಯ ಮಾಡುವಂತಿಲ್ಲ. ಹೊರಗೆ ಕೊಂಡ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರನ್ನು ಹಕ್ಕುದಾರನಾಗಿ ಸೇರಿಸಿಕೊಟ್ಟರೆ ಸಾಕು.

3. ಕನಿಷ್ಠ ಮೂರು ಕಡೆ ದರ ಕೇಳಿ. ಒಂದು ಸರ್ಕಾರಿ ಕಂಪನಿ, ಎರಡು ಖಾಸಗಿ ಕಂಪನಿಗಳಿಂದ ಭಾರತ್ ಗೃಹ ರಕ್ಷಾಕ್ಕೇ ದರ ಪಡೆಯಿರಿ. ಕಾರ್ಪೆಟ್ ಏರಿಯಾ, ನಿರ್ಮಾಣ ದರ, ಪಿನ್‌ಕೋಡ್ ಮೂರೂ ಕಡೆ ಒಂದೇ ಇರಲಿ. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ಕಂಪನಿಯ ಜಾಲತಾಣದಿಂದ ನೇರವಾಗಿ ಕೊಂಡರೆ ರಿಯಾಯಿತಿ ಇದೆಯೇ ಎಂದೂ ಕೇಳಿ.

4. ದೀರ್ಘಾವಧಿ ಪಾಲಿಸಿಯ ದರ ನೋಡಿ. ಭಾರತ್ ಗೃಹ ರಕ್ಷಾವನ್ನು 10 ವರ್ಷದವರೆಗೂ ಒಟ್ಟಿಗೆ ಕೊಳ್ಳಬಹುದು. ಹಲವು ವರ್ಷಕ್ಕೆ ಕಟ್ಟಿದಾಗ ಕಂಪನಿಗಳು ಸಾಮಾನ್ಯವಾಗಿ ರಿಯಾಯಿತಿ ಕೊಡುತ್ತವೆ. ಜೊತೆಗೆ ಪ್ರತಿ ವರ್ಷ ಕಟ್ಟಡದ ವಿಮಾ ಮೊತ್ತ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ಶೇ 10ರಷ್ಟು ಏರುತ್ತದೆ. ಮೊದಲ ವರ್ಷ 30 ಲಕ್ಷವಿದ್ದದ್ದು ಎರಡನೆಯ ವರ್ಷ 33 ಲಕ್ಷವಾಗುತ್ತದೆ. ಸಿಮೆಂಟು, ಕಬ್ಬಿಣ, ಕೂಲಿ ಏರುವ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ನವೀಕರಣ ಮರೆತು ಪಾಲಿಸಿ ನಿಂತುಹೋಗುವ ಭಯವೂ ಇಲ್ಲ.

5. ಅಪಾರ್ಟ್‌ಮೆಂಟ್‌ನವರು ಮೊದಲು ಸಂಘವನ್ನು ಕೇಳಿ. ನಿವಾಸಿಗಳ ಸಂಘ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ ಅದರ ಪ್ರತಿ ತೆಗೆದುಕೊಂಡು ನಿಮ್ಮ ಫ್ಲಾಟಿನ ಒಳಭಾಗವೂ ಸೇರಿದೆಯೇ, ಮೊತ್ತ ಸಾಕೇ ಎಂದು ನೋಡಿ. ಎಲ್ಲ ಸರಿಯಿದ್ದರೆ ನಿಮಗೆ ಬೇಕಾದದ್ದು ಮನೆಸಾಮಾನಿನ ವಿಮೆ ಮಾತ್ರ. ಎರಡು ಪಾಲಿಸಿ ಇದ್ದರೂ ಒಂದೇ ನಷ್ಟಕ್ಕೆ ಎರಡು ಸಲ ಹಣ ಬರುವುದಿಲ್ಲ. ಬಾಡಿಗೆದಾರರೂ ಸಾಮಾನಿಗೆ ಮಾತ್ರ ಪಾಲಿಸಿ ಕೊಳ್ಳಬಹುದು.

6. ಚಿನ್ನಕ್ಕೆ ಬೇರೆ ಯೋಚನೆ ಮಾಡಿ. ಒಡವೆ, ಕಲಾವಸ್ತುಗಳಿಗೆ ಹೆಚ್ಚುವರಿ ರಕ್ಷಣೆ ಕೊಳ್ಳಬೇಕು, ಅದರ ದರ ಕಟ್ಟಡದ ದರಕ್ಕಿಂತ ಹೆಚ್ಚಿರುತ್ತದೆ. ಆಗೀಗ ತೊಡುವ ಒಡವೆ ಲಾಕರ್‌ನಲ್ಲಿದ್ದರೆ, ಮನೆಯಲ್ಲಿ ಉಳಿಯುವಷ್ಟಕ್ಕೆ ಮಾತ್ರ ರಕ್ಷಣೆ ಕೊಂಡರೆ ಸಾಕು.

7. ಆಗಲೇ ಇರುವ ರಕ್ಷಣೆಯನ್ನು ಮತ್ತೆ ಕೊಳ್ಳಬೇಡಿ. ಭಯೋತ್ಪಾದನೆ, ಬದಲಿ ಮನೆಯ ಬಾಡಿಗೆ, ಅವಶೇಷ ತೆರವು ಮಾದರಿ ಪಾಲಿಸಿಯಲ್ಲೇ ಇವೆ. ಪ್ಯಾಕೇಜ್ ಪಾಲಿಸಿಗಳಲ್ಲಿ ಇವನ್ನೇ ‘ವಿಶೇಷ ಸೌಲಭ್ಯ’ ಎಂದು ತೋರಿಸುವುದುಂಟು. ಕಳ್ಳತನದ ರಕ್ಷಣೆ ಕೊಳ್ಳುವಾಗ ಮಾತ್ರ ಸಿಸಿಟಿವಿ, ಗ್ರಿಲ್, ಕಾವಲುಗಾರ ಇದ್ದರೆ ದರ ಇಳಿಯುತ್ತದೆಯೇ ಎಂದು ವಿಚಾರಿಸಿ.

8. ಮನೆ ಮಾರಿದರೆ ಉಳಿದ ಹಣ ಕೇಳಿ ಪಡೆಯಿರಿ. ಪಾಲಿಸಿಯನ್ನು ಯಾವಾಗ ಬೇಕಾದರೂ ರದ್ದು ಮಾಡಿ, ಉಳಿದ ಅವಧಿಯ ಪ್ರೀಮಿಯಂ ಅನ್ನು ಪ್ರಮಾಣಾನುಸಾರ ವಾಪಸು ಪಡೆಯುವ ಹಕ್ಕು ನಿಮಗಿದೆ. 10 ವರ್ಷಕ್ಕೆ ಕಟ್ಟಿ ನಾಲ್ಕನೇ ವರ್ಷ ಮನೆ ಮಾರಿದವರು ಇದನ್ನು ಕೇಳದೆ ಬಿಟ್ಟರೆ ನಷ್ಟ ಅವರದೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಮೊತ್ತ ಕಡಿಮೆ ಬರೆಸುವುದು.* 30 ಲಕ್ಷದ ಕಟ್ಟಡಕ್ಕೆ 15 ಲಕ್ಷವೆಂದು ಬರೆಸಿದರೆ ಪ್ರೀಮಿಯಂ ಅರ್ಧವಾಗುತ್ತದೆ, ನಿಜ. ಆದರೆ ಹಳೆಯ ಮಾದರಿಯ ಪಾಲಿಸಿಗಳಲ್ಲಿ ಪರಿಹಾರವೂ ಅರ್ಧವಾಗುತ್ತದೆ. 4 ಲಕ್ಷದ ನಷ್ಟವಾದರೆ ಕೈಗೆ ಬರುವುದು 2 ಲಕ್ಷ. ಭಾರತ್ ಗೃಹ ರಕ್ಷಾ ಈ ಕಡಿತವನ್ನು ಕೈಬಿಟ್ಟಿದೆ. ಹಾಗೆಂದು ಅಳತೆ ಸುಳ್ಳು ಹೇಳುವಂತಿಲ್ಲ. ಮನೆ ಪೂರ್ತಿ ಹೋದಾಗ ಸಿಗುವ ಗರಿಷ್ಠ ಹಣ ನೀವು ಬರೆಸಿದ ಮೊತ್ತವೇ.

*ಕಟ್ಟಡ ಎಂದರೆ ಗೋಡೆ, ಸೂರು ಅಷ್ಟೇ ಎಂದು ತಿಳಿಯುವುದು.* ಕಾಂಪೌಂಡ್ ಗೋಡೆ, ಗೇಟು, ತಡೆಗೋಡೆ, ಕಾರು ನಿಲ್ಲಿಸುವ ಜಾಗ, ನೀರಿನ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್, ಚಾವಣಿಯ ಸೋಲಾರ್ ಫಲಕಗಳೂ ಕಟ್ಟಡದ ಭಾಗವೇ. ಮಲೆನಾಡಿನಲ್ಲಿ ಮನೆಯ ಹಿಂದಿನ ತಡೆಗೋಡೆಗೇ ಲಕ್ಷಗಟ್ಟಲೆ ಖರ್ಚಾಗುತ್ತದೆ. ಅದನ್ನು ಸೇರಿಸಿಯೇ ಮೊತ್ತ ಲೆಕ್ಕ ಹಾಕಿ.

*ಸಾಲ ತೀರಿದ ದಿನ ವಿಮೆಯನ್ನೂ ಮರೆಯುವುದು.* ಬ್ಯಾಂಕ್ ಮಾಡಿಸಿದ್ದ ಪಾಲಿಸಿ ಸಾಲದೊಂದಿಗೆ ಮುಗಿದಿರಬಹುದು. ಮುಂದುವರಿದಿದ್ದರೂ ಹಕ್ಕುದಾರನ ಜಾಗದಲ್ಲಿ ಬ್ಯಾಂಕಿನ ಹೆಸರೇ ಇರುತ್ತದೆ. ಸಾಲ ತೀರಿದ ಪತ್ರ ಕೊಟ್ಟು ಆ ಹೆಸರು ತೆಗೆಸಿ.

*ಮಹಡಿ ಏರಿಸಿ ಸುಮ್ಮನಿರುವುದು.* ಮೇಲೊಂದು ಮಹಡಿ ಕಟ್ಟಿದರೆ, ನೆಲಮಹಡಿಯಲ್ಲಿ ಅಂಗಡಿ ತೆರೆದರೆ, ಮನೆ ಬಾಡಿಗೆಗೆ ಕೊಟ್ಟರೆ ಕಂಪನಿಗೆ ಬರಹದಲ್ಲಿ ತಿಳಿಸಿ. ಹೊರದೇಶದಲ್ಲಿದ್ದು ಊರಿನ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಿರುವ ಕನ್ನಡಿಗರು ಆ ಸಂಗತಿಯನ್ನು ಪಾಲಿಸಿ ಕೊಳ್ಳುವಾಗಲೇ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

*ತೆರಿಗೆ ಉಳಿಯುತ್ತದೆ ಎಂದು ನಂಬುವುದು.* ಮನೆ ವಿಮೆಯ ಪ್ರೀಮಿಯಂಗೆ 80ಸಿ, 80ಡಿ ವಿನಾಯಿತಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದದ್ದು ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಗೆ ಮಾತ್ರ.

ಎಚ್ಚರಿಕೆ: ಇವಕ್ಕೆ ಪರಿಹಾರ ಸಿಗದು

- ಕಡಲ್ಕೊರೆತ, ನದಿಕೊರೆತ. ಉಳ್ಳಾಲದಂಥ ಕಡಲತಡಿಯಲ್ಲಿರುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಚಂಡಮಾರುತದಿಂದಾದ ಹಾನಿಗೆ ರಕ್ಷಣೆಯಿದೆ. ದಂಡೆ ಕೊರೆದು ಮನೆ ಕುಸಿದರೆ ಇಲ್ಲ.
- ಮಣ್ಣು ತುಂಬಿಸಿದ ಜಾಗ ಕುಸಿಯುವುದು. ಹಳ್ಳ, ಕೆರೆಯಂಗಳ ತುಂಬಿಸಿ ಮಾಡಿದ ಸೈಟಿನಲ್ಲಿ ನೆಲ ಕೂತು ಗೋಡೆ ಬಿರುಕು ಬಿಟ್ಟರೆ, ಹೊಸ ಕಟ್ಟಡ ಸಹಜವಾಗಿ ಕೂತಾಗ ಬಿರುಕು ಬಿಟ್ಟರೆ, ಕಳಪೆ ಕಾಮಗಾರಿಯಿಂದ ಹಾಳಾದರೆ ಪರಿಹಾರವಿಲ್ಲ.
- ತೇವ, ಸೋರಿಕೆ, ಗೆದ್ದಲು, ಸವೆತ. ವರ್ಷಗಟ್ಟಲೆ ನಿಧಾನವಾಗಿ ಆಗುವ ಹಾನಿ ಮನೆಯವರ ನಿರ್ವಹಣೆಗೆ ಸೇರಿದ್ದು.
- ಬರಿಯ ಕಳ್ಳತನ. ಬೆಂಕಿ, ಪ್ರವಾಹದಂಥ ಅವಘಡದಿಂದಾಗಿ 7 ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ಮಾದರಿ ಪಾಲಿಸಿ ಹಣ ಕೊಡುತ್ತದೆ. ಮದುವೆಗೆ ಹೋದಾಗ ಬೀಗ ಒಡೆದರೆ ಪರಿಹಾರಕ್ಕೆ ಪ್ರತ್ಯೇಕ ಕಳ್ಳತನದ ರಕ್ಷಣೆ ಇರಬೇಕು.
- ಶಾರ್ಟ್ ಸರ್ಕ್ಯೂಟ್ ಆದ ಉಪಕರಣ. ಫ್ರಿಜ್ ತಾನೇ ಸುಟ್ಟರೆ ಅದಕ್ಕೆ ಹಣವಿಲ್ಲ. ಅದರ ಬೆಂಕಿ ಅಡುಗೆಮನೆಗೆ ಹಬ್ಬಿದರೆ ಆ ಹಾನಿಗೆ ಉಂಟು.
- ಸೈಟು. ಗುಡ್ಡ ಕುಸಿದು ಮನೆಯ ಜೊತೆ ಜಾಗವೂ ಕೊಚ್ಚಿಹೋದರೆ ಜಾಗದ ಬೆಲೆ ಸಿಗುವುದಿಲ್ಲ.

ಕ್ಲೇಮ್ ಕೈಗೂಡಬೇಕಾದರೆ

ಪ್ರೀಮಿಯಂ ಎಷ್ಟೇ ಕಡಿಮೆಯಿದ್ದರೂ ಕ್ಲೇಮ್ ಬಾರದಿದ್ದರೆ ಕಟ್ಟಿದ್ದೆಲ್ಲ ವ್ಯರ್ಥ. ಆದ್ದರಿಂದ ಈ ತಯಾರಿ ಇಂದೇ ಆಗಲಿ.

1. ಪ್ರತಿ ಕೋಣೆಯ ವಿಡಿಯೊ ಮಾಡಿ. ಕಪಾಟು ತೆರೆದು, ಟಿವಿ, ಫ್ರಿಜ್, ವಾಷಿಂಗ್ ಮಷಿನ್‌ಗಳ ಹಿಂದಿರುವ ಮಾಡೆಲ್ ಸಂಖ್ಯೆಯೂ ಕಾಣುವಂತೆ ತೆಗೆಯಿರಿ. ಪಾಲಿಸಿ, ಕ್ರಯಪತ್ರ, ತೆರಿಗೆ ರಸೀದಿ, ಬಿಲ್ಲುಗಳ ಫೋಟೊಗಳೊಂದಿಗೆ ಅದನ್ನು ಬೇರೆ ಊರಿನ ಬಂಧುವಿಗೂ ಕಳಿಸಿಡಿ. ಪ್ರವಾಹದಲ್ಲಿ ಮನೆಯ ಜೊತೆ ಕಾಗದವೂ ತೊಳೆದುಹೋಗುತ್ತದೆ.
2. ಅವಘಡವಾದ ಕೂಡಲೇ ಕಂಪನಿಗೆ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಕಳ್ಳತನ ಅಥವಾ ಗಲಭೆಯಾದರೆ ಪೊಲೀಸ್ ದೂರಿನ ಪ್ರತಿ ಪಡೆಯಿರಿ.
3. ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ಹಾಳಾದ ಸಾಮಾನು ಎಸೆಯಬೇಡಿ, ದೊಡ್ಡ ರಿಪೇರಿ ಶುರು ಮಾಡಬೇಡಿ. ಹಾನಿ ಹೆಚ್ಚದಂತೆ ಟಾರ್ಪಾಲ್ ಹೊದಿಸುವುದು, ನೀರು ಹೊರಹಾಕುವುದು ಮಾಡಬಹುದು. ಅದಕ್ಕೂ ಮುನ್ನ ನೀರು ಏರಿದ ಮಟ್ಟ ಗೋಡೆಯ ಮೇಲೆ ಕಾಣುವಂತೆ ಫೋಟೊ ತೆಗೆದಿಡಿ.
4. 2024ರ ಜೂನ್‌ನ ನಿಯಮದಂತೆ ಕಂಪನಿ 24 ಗಂಟೆಯೊಳಗೆ ಸರ್ವೇಯರ್‌ನನ್ನು ನೇಮಿಸಬೇಕು, ವರದಿ 15 ದಿನದಲ್ಲಿ ಬರಬೇಕು, ವರದಿ ಸಿಕ್ಕ 7 ದಿನದಲ್ಲಿ ತೀರ್ಮಾನ ತಿಳಿಸಬೇಕು. ತಡವಾದರೆ ಈ ನಿಯಮ ನೆನಪಿಸಿ ಇಮೇಲ್ ಬರೆಯಿರಿ.
5. ಕಂಪನಿಯ ದೂರು ಅಧಿಕಾರಿಯಿಂದ ನ್ಯಾಯ ಸಿಗದಿದ್ದರೆ ಐಆರ್‌ಡಿಎಐನ ‘ಬೀಮಾ ಭರೋಸಾ’ ಪೋರ್ಟಲ್ ಅಥವಾ 155255 ಸಂಖ್ಯೆಯಲ್ಲಿ ದೂರು ಕೊಡಿ. ನಂತರ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ, 50 ಲಕ್ಷದವರೆಗಿನ ಪರಿಹಾರಕ್ಕೆ ಅಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈ ವಾರ ಮೂರು ಕೆಲಸ ಮಾಡಿ. ಮನೆಯ ಕಾರ್ಪೆಟ್ ಏರಿಯಾ ಅಳೆಯಿರಿ, ನಿಮ್ಮೂರಿನಲ್ಲಿ ಇಂದು ಕಟ್ಟುವ ದರ ಎಷ್ಟೆಂದು ಒಬ್ಬ ಎಂಜಿನಿಯರ್ ಅಥವಾ ಮೇಸ್ತ್ರಿಯನ್ನು ಕೇಳಿ, ಆ ಎರಡು ಅಂಕಿ ಹಿಡಿದು ಮೂರು ಕಂಪನಿಗಳಿಂದ ದರ ಪಡೆಯಿರಿ. ನೆನಪಿಡಿ, ಮಳೆಗಾಲಕ್ಕೆ ಮುಂಚೆ ಕೊಂಡ ಪಾಲಿಸಿಯೇ ಆ ಮಳೆಗಾಲದಲ್ಲಿ ಕೈಹಿಡಿಯುವುದು. ನೀರು ಹೊಸ್ತಿಲಿಗೆ ಬಂದ ಮೇಲೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ.